ಗೆರೆ ಬಿದ್ದ ಮರ: ಬಟ್ಟಲಿಗೆ ಸೈ, ಮಾಡಿಗೆ ಬೇಡ



ಮಳೆಗಾಲ ಕಳೆದ ಮೇಲೆ ಹಟ್ಟಿಯ ಹಿಂದೆ ಬಿದ್ದಿದ್ದ ಕಾಟುಮಾವಿನ ದಿಮ್ಮಿಯನ್ನು ಸೌದೆಗೆಂದು ಸೀಳುತ್ತೀರಿ. ಬಿಳಿಯ ಮರದ ಮೇಲೆ ಮಸಿಯಿಂದ ಎಳೆದಂತೆ ಕಪ್ಪು ಗೆರೆಗಳು ಕಾಣುತ್ತವೆ. ಒಂದು ಕಡೆ ಬೂದುನೀಲಿ ಕಲೆ, ಇನ್ನೊಂದು ಕಡೆ ಹಾಲಿನಂತೆ ಬಿಳುಪು. ನೋಡಿದರೆ ಸರ್ವೆ ಇಲಾಖೆಯ ನಕ್ಷೆಯಂತಿರುತ್ತದೆ. ಇದನ್ನು ಏನು ಮಾಡಬೇಕು? ಬಚ್ಚಲ ಒಲೆಗೆ ಹಾಕಬೇಕೋ, ಮಾರಬೇಕೋ, ಮಾಡಿಗೆ ತೊಲೆ ಮಾಡಬೇಕೋ? ಈ ಪಾಠದಲ್ಲಿ ಅದನ್ನೇ ತಿಳಿದುಕೊಳ್ಳೋಣ.

ನನ್ನ ತಪ್ಪಿನಿಂದಲೇ ಆರಂಭಿಸುತ್ತೇನೆ

ಎರಡು ವರ್ಷಗಳ ಹಿಂದೆ ನಮ್ಮ ಬ್ಲಾಕಿನ ಒಂದು ಊರಿನಲ್ಲಿ ಬೇಸಗೆಯ ಕೊನೆಯ ಗಾಳಿಗೆ ಮಾವಿನ ಮರವೊಂದು ಉರುಳಿತು. ಮನೆಯ ಹಿರಿಯರು ಅದನ್ನು ತುಂಡು ಮಾಡಿಸಿ ಮಳೆಗೇ ಬಿಟ್ಟಿದ್ದರು. ದೀಪಾವಳಿ ಕಳೆದು ಸೀಳಿದಾಗ ಗೆರೆಗಳು ಕಂಡವು. ನಾನು ಆ ದಾರಿಯಾಗಿ ಹೋದಾಗ ಕರೆದು ತೋರಿಸಿದರು. “ಇದೆಂತ ಮಾರಾಯ್ರೇ, ಮರದ ಒಳಗೆ ಯಾರು ಬರೆದದ್ದು?” ಎಂದು ಕೇಳಿದರು.

ಕೃಷಿ ಡಿಪ್ಲೊಮಾ ಓದಿದವನು ನಾನು. ಬೆಳೆಗೆ ಬರುವ ಬೂಷ್ಟು ಗೊತ್ತು, ಕಡಿದ ಮರದ ಬೂಷ್ಟು ಗೊತ್ತಿರಲಿಲ್ಲ. ಆದರೂ ಗೊತ್ತಿದ್ದವನಂತೆ, “ಕುಂಬಾಗಿದೆ ಅಜ್ಜ, ಒಲೆಗೆ ಹಾಕಿ” ಎಂದುಬಿಟ್ಟೆ. ಅವರು ಹಾಗೆಯೇ ಮಾಡಿದರು. ಒಂದು ಉದ್ದನೆಯ ತುಂಡು ಮಾತ್ರ ಹೊರಗೆ ಗಟ್ಟಿಯಾಗಿ ಕಂಡದ್ದರಿಂದ ಅದನ್ನು ಹಟ್ಟಿಯ ಮಾಡಿಗೆ ಅಡ್ಡತೊಲೆಯಾಗಿ ಏರಿಸಿದರು. ನಾನು ಅದನ್ನು ನೋಡಿದೆ. ದಪ್ಪ ಇದೆಯಲ್ಲ, ತಡೆದೀತು ಎಂದುಕೊಂಡು ಸುಮ್ಮನಾದೆ.

ಮರುವರ್ಷದ ಆಟಿ ತಿಂಗಳ ಒಂದು ಮಧ್ಯಾಹ್ನ, ನೆನೆದ ಹಂಚಿನ ಭಾರಕ್ಕೆ ಆ ತೊಲೆ ನಡುವಿನಲ್ಲಿ ಮುರಿಯಿತು. ಹಂಚು, ರೀಪು, ಪಕ್ಕಾಸು ಎಲ್ಲವೂ ಕರುವನ್ನು ಕಟ್ಟುವ ಜಾಗಕ್ಕೇ ಬಿದ್ದವು. ಮಳೆ ಬಿಟ್ಟಿದ್ದರಿಂದ ಹಸುವನ್ನೂ ಕರುವನ್ನೂ ಗುಡ್ಡೆಗೆ ಅಟ್ಟಿದ್ದರು. ಒಂದು ಗಳಿಗೆ ಹೆಚ್ಚುಕಡಿಮೆಯಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ನೀವೇ ಊಹಿಸಿ.

ನನ್ನ ಒಂದು ಮಾತಿನಿಂದ ಎರಡು ನಷ್ಟವಾಯಿತು. ಬೆಲೆ ಬರಬಹುದಾದ ಮರ ಒಲೆಗೆ ಹೋಯಿತು. ಭಾರ ಹೊರಬಾರದ ಮರ ಮಾಡಿಗೆ ಏರಿತು. ನಿಮ್ಮಲ್ಲಿ ಹಾಗಾಗಬಾರದೆಂದೇ ಈ ಲೇಖನ.

ಉರ್ವದಲ್ಲಿ ಕಲಿತದ್ದು

ಆ ಸೌದೆಯ ರಾಶಿಯಿಂದ ಒಂದು ತುಂಡನ್ನು ನಾನು ಕುತೂಹಲಕ್ಕೆ ಎತ್ತಿಟ್ಟುಕೊಂಡಿದ್ದೆ. ಮಂಗಳೂರಿನ ಉರ್ವದಲ್ಲಿ, ಮಾರ್ಕೆಟ್ಟಿನಿಂದ ತುಸು ದೂರದಲ್ಲಿ, ನನಗೆ ಪರಿಚಯದ ನಿವೃತ್ತರೊಬ್ಬರಿದ್ದಾರೆ. ಮನೆಯ ಹಿಂದಿನ ಚಪ್ಪರದಲ್ಲಿ ಒಂದು ಚಿಕ್ಕ ಲೇತ್ ಇಟ್ಟುಕೊಂಡು, ಬಿಡುವಿನಲ್ಲಿ ಮರ ಕಡೆಯುವುದು ಅವರ ಹವ್ಯಾಸ. ಹೊಟ್ಟೆಪಾಡಿಗಾಗಿ ಅಲ್ಲ, ಮನಸ್ಸಿನ ಸಂತೋಷಕ್ಕಾಗಿ.

ಮೊಸರು ಕಡೆಯುವುದು, ಮರ ಕಡೆಯುವುದು, ಎರಡಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಮಾತು. ಕಡೆಗೋಲಿಗೆ ಹಗ್ಗ ಸುತ್ತಿ ಹಿಂದೆ ಮುಂದೆ ಎಳೆದರೆ ಅದು ತಿರುಗುತ್ತದೆಯಲ್ಲ, ಹಿಂದಿನ ಕಾಲದ ಕಡಚಲು ಯಂತ್ರವೂ ಹಾಗೆಯೇ ಹಗ್ಗದಿಂದ ತಿರುಗುತ್ತಿತ್ತು. ಈಗ ವಿದ್ಯುತ್ ಮೋಟಾರು ತಿರುಗಿಸುತ್ತದೆ. ತಿರುಗುವ ಮರಕ್ಕೆ ಉಳಿ ಹಿಡಿದರೆ ಸಿಪ್ಪೆ ಎದ್ದು ಮರ ದುಂಡಗಾಗುತ್ತದೆ. ಲಟ್ಟಣಿಗೆ, ತೊಟ್ಟಿಲ ಕಾಲು, ಬುಗುರಿ, ಬಟ್ಟಲು ಎಲ್ಲವೂ ಹೀಗೆಯೇ ಆಗುವುದು.

ನನ್ನ ತುಂಡನ್ನು ಅವರು ತಿರುಗಿಸಿ ತಿರುಗಿಸಿ ನೋಡಿ, “ಇಂಥದ್ದು ಎಷ್ಟಿತ್ತು?” ಎಂದು ಕೇಳಿದರು. “ಒಂದು ಗಾಡಿ. ಒಲೆಗೆ ಹೋಯಿತು” ಎಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಳಿಕ ಆ ತುಂಡನ್ನು ಒಣಗಿಸಿ ಒಂದು ಬಟ್ಟಲು ಕಡೆದರು. ಗೆರೆಗಳು ಅಂಚಿನಿಂದ ತಳದವರೆಗೆ ಹೊಳೆಯ ಕವಲುಗಳಂತೆ ಹರಿದಿದ್ದವು. ಯಾವ ಬಣ್ಣವನ್ನೂ ಬಳಿದಿರಲಿಲ್ಲ.

ಗೆರೆ ಎಳೆದವರು ಯಾರು?

ಬರೆದದ್ದು ಶಿಲೀಂಧ್ರ, ಅಂದರೆ ಬೂಷ್ಟು ಮತ್ತು ಅಣಬೆಯ ಜಾತಿ. ಅದರ ನೂಲಿನಂಥ ಎಳೆಗಳು ಕಡಿದ ಮರದೊಳಗೆ ಹೊಕ್ಕು ಮರವನ್ನೇ ತಿಂದು ಬದುಕುತ್ತವೆ. ಅದರಿಂದ ಮೂರು ಬಗೆಯ ಬಣ್ಣ ಕಾಣುತ್ತದೆ.

ಮೊದಲನೆಯದು ಬೂದುನೀಲಿ ಕಲೆ. ಈ ಬೂಷ್ಟು ಹೊರಗಿನ ಬಿಳಿ ಮರದಲ್ಲಿರುವ ಸಕ್ಕರೆಯನ್ನೂ ಪಿಷ್ಟವನ್ನೂ ತಿನ್ನುತ್ತದೆ. ಮರದ ಗೋಡೆಗಳನ್ನು ಹೆಚ್ಚು ಕೆಡಿಸುವುದಿಲ್ಲ. ರಬ್ಬರ್, ಮಾವು, ಆಟಿ ಅಮಾವಾಸ್ಯೆಗೆ ತೊಗಟೆ ತರುವ ಪಾಲೆ ಮರ, ಇವುಗಳಿಗೆ ಇದು ಬಲುಬೇಗ ಹಿಡಿಯುತ್ತದೆ. ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆ ರಬ್ಬರ್ ಮರ ಕಡಿಸಿದವರಿಗೆ ಇದು ಗೊತ್ತು. ಕಡಿದ ಕೆಲವೇ ದಿನಗಳಲ್ಲಿ ದಿಮ್ಮಿಯ ತುದಿ ನೀಲಿಗಟ್ಟುತ್ತದೆ.

ಎರಡನೆಯದು ಬಿಳುಪು. ಮರದ ನಾರುಗಳನ್ನು ಒಂದಕ್ಕೊಂದು ಬಿಗಿದಿರುವ ಅಂಟಿನಂಥ ವಸ್ತುವಿಗೆ ಲಿಗ್ನಿನ್ ಎನ್ನುತ್ತಾರೆ. ಕೆಲವು ಅಣಬೆಗಳು ಇದನ್ನು ಕರಗಿಸುತ್ತವೆ. ಆಗ ಮರ ಬಿಳಿಚಿ, ಹಗುರಾಗಿ, ಕೊನೆಗೆ ಹತ್ತಿಯಂತೆ ಮೆತ್ತಗಾಗುತ್ತದೆ. ಇದು ನಿಜವಾದ ಕೊಳೆತ.

ಮೂರನೆಯದು ಕಪ್ಪು ಗೆರೆ. ಗದ್ದೆ ಗದ್ದೆಗಳ ನಡುವೆ ನಾವು ಹುಣಿ ಕಟ್ಟುವುದಿಲ್ಲವೇ? ಅಣಬೆಗಳೂ ಹಾಗೆಯೇ. ಒಂದೇ ದಿಮ್ಮಿಯಲ್ಲಿ ಎರಡು ಅಣಬೆಗಳು ಎದುರಾದರೆ, ಒಂದರ ಪಾಲಿಗೆ ಇನ್ನೊಂದು ನುಗ್ಗದಂತೆ ಕಪ್ಪು ವಸ್ತುವಿನ ಗೋಡೆ ಕಟ್ಟಿಕೊಳ್ಳುತ್ತವೆ. ಮರವನ್ನು ಕೊಯ್ದಾಗ ಆ ಗೋಡೆ ನಮಗೆ ಗೆರೆಯಾಗಿ ಕಾಣುತ್ತದೆ. ಹುಣಿ ಕಂಡಿತೆಂದರೆ ಎರಡೂ ಬದಿಯಲ್ಲಿ ಉಳುಮೆ ಸಾಗಿದೆ ಎಂದು ಅರ್ಥ. ಗೆರೆ ಚಂದವಾಗಿದ್ದಷ್ಟಕ್ಕೆ ಮರ ಗಟ್ಟಿಯೆಂದು ತಿಳಿಯಬಾರದು. ಉರ್ವದಲ್ಲಿ ಇದನ್ನು ಕೇಳಿಸಿಕೊಂಡ ದಿನವೇ ನಾನು ಹಟ್ಟಿಯ ತೊಲೆಯನ್ನು ನೆನೆಯಬೇಕಾಗಿತ್ತು. ನೆನಪಾದದ್ದು ಅದು ಮುರಿದ ಮೇಲೆ.

ಇವಲ್ಲದೆ ಇನ್ನೊಂದು ಕೊಳೆತವಿದೆ. ಮರ ಕಂದಾಗಿ, ಒಣಗಿದ ಕೆರೆಯ ಕೆಸರಿನಂತೆ ಚೌಕಚೌಕವಾಗಿ ಬಿರಿಯುತ್ತದೆ. ಬೆರಳಿನಲ್ಲಿ ಹಿಸುಕಿದರೆ ಪುಡಿ. ಅದು ಕಡೆಯುವವರಿಗೂ ಬೇಡ, ಬಡಗಿಗೂ ಬೇಡ.

ಬೇಕೆನ್ನುವವರು, ಬೇಡವೆನ್ನುವವರು

ಬೂಷ್ಟು ಬಣ್ಣ ಕೊಟ್ಟ ಮರವನ್ನು ಬಳಸುವುದು ಹೊಸದಲ್ಲ. ಇಟಲಿಯ ಕುಶಲಕರ್ಮಿಗಳು 15 ಮತ್ತು 16ನೇ ಶತಮಾನಗಳಲ್ಲಿ ಬೇರೆಬೇರೆ ಬಣ್ಣದ ಮರದ ಚೂರುಗಳನ್ನು ಜೋಡಿಸಿ ಚಿತ್ರದ ಹಲಗೆಗಳನ್ನು ಮಾಡುತ್ತಿದ್ದರು. ಅವುಗಳ ಹಸಿರು ಭಾಗಗಳಿಗೆ ಕ್ಲೋರೊಸಿಬೋರಿಯ ಎಂಬ ಅಣಬೆ ಹಸಿರಾಗಿಸಿದ ಮರವನ್ನು ಬಳಸಿದ್ದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಐನೂರು ವರ್ಷವಾದರೂ ಆ ಹಸಿರು ಉಳಿದಿದೆ. 1970ರ ದಶಕದಲ್ಲಿ ಅಮೆರಿಕದ ಮೆಲ್ವಿನ್ ಲಿಂಡ್‌ಕ್ವಿಸ್ಟ್ ಮತ್ತು ಅವರ ಮಗ ಮಾರ್ಕ್ ಇಂಥ ಗೆರೆ ಬಿದ್ದ ಮರದಿಂದ ಬಟ್ಟಲು, ಹೂದಾನಿಗಳನ್ನು ಕಡೆದು ಹೆಸರಾದರು. ಆ ಮೇಲೆ ಹವ್ಯಾಸಿಗಳು ಇದನ್ನು ಹುಡುಕಿಕೊಂಡು ಹೋಗತೊಡಗಿದರು.

ನಮ್ಮ ರಾಜ್ಯದಲ್ಲಿ ಮರ ಕಡೆಯುವುದಕ್ಕೆ ಹೆಸರಾದ ಊರು ಬೆಂಗಳೂರು–ಮೈಸೂರು ದಾರಿಯ ಚನ್ನಪಟ್ಟಣ. ಅಲ್ಲಿನವರ ರೀತಿ ಇದಕ್ಕೆ ನೇರ ವಿರುದ್ಧ. ಅವರಿಗೆ ಬೇಕಾದದ್ದು ದಂತದಂತೆ ಬಿಳಿಯಾದ, ಕಲೆಯಿಲ್ಲದ ಆಲೆ ಮರ. ಇದನ್ನು ಕೆಲವರು ಹಾಲೆ ಎಂದೂ ಕರೆಯುತ್ತಾರೆ. ನಮ್ಮ ಪಾಲೆ ಬೇರೆ ಮರ. ತಿರುಗುತ್ತಿರುವ ಗೊಂಬೆಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಕಲೆ ಬಿದ್ದ ಮರ ಅವರಿಗೆ ನಷ್ಟ.

ಆದುದರಿಂದ ಮಾರುವ ಮೊದಲು ಕೊಳ್ಳುವವರು ಯಾರೆಂದು ತಿಳಿಯಿರಿ. ಮಿಲ್ಲಿಗೆ ಕೊಡುವ ಮರಕ್ಕೆ ಬಣ್ಣ ಬಂದರೆ ಬೆಲೆ ಇಳಿಯುತ್ತದೆ. ಕಡೆಯುವ ಹವ್ಯಾಸಿಗೆ ಅದೇ ಬಣ್ಣ ಬೇಕು. ಆದರೆ ಇದಕ್ಕೆ ಮಂಡಿಯಿಲ್ಲ, ದರಪಟ್ಟಿಯಿಲ್ಲ, ಕೊಳ್ಳುವವರು ಬೆರಳೆಣಿಕೆಯಷ್ಟು. ಹಾಗಾಗಿ ಬಣ್ಣ ಬರಲೆಂದು ಒಳ್ಳೆಯ ಮರವನ್ನು ಮಳೆಗೆ ಹಾಕಬೇಡಿ. ತಾನಾಗಿ ಬಣ್ಣ ಬಂದದ್ದಿದ್ದರೆ ಒಲೆಗೆ ಹಾಕುವ ಮೊದಲು ಒಮ್ಮೆ ನೋಡಿ. ನಾನು ಹೇಳುವುದು ಇಷ್ಟೇ.

ನಾಲ್ಕು ಪರೀಕ್ಷೆಗಳು

“ಕಣ್ಣಿಗೆ ಕಂಡದ್ದನ್ನು ನಂಬಬೇಡಿ. ಮೊದಲು ಉಗುರು ಒತ್ತಿ” ಎಂಬುದು ಉರ್ವದ ಹಿರಿಯರ ಮಾತು. ಅವರು ಕಲಿಸಿದ ನಾಲ್ಕು ಪರೀಕ್ಷೆಗಳಿಗೆ ಯಾವ ಯಂತ್ರವೂ ಬೇಡ.

1. ಉಗುರು: ಹೆಬ್ಬೆರಳ ಉಗುರನ್ನು ಬಲವಾಗಿ ಒತ್ತಿ. ಸುಲಭವಾಗಿ ಇಳಿದರೆ ಮರ ಕುಂಬು. ಕಡೆಯಲೂ ಬಾರದು.

2. ಸದ್ದು: ಕತ್ತಿಯ ಹಿಡಿಯಿಂದ ತಟ್ಟಿ. ಗಟ್ಟಿ ಮರ ಟಣ್ಣೆನ್ನುತ್ತದೆ. ಕೆಟ್ಟದ್ದು ಗೋಣಿಗೆ ಹೊಡೆದಂತೆ ಮಂಕಾಗಿ ಸದ್ದು ಕೊಡುತ್ತದೆ.

3. ತೂಕ: ಅದೇ ಜಾತಿಯ, ಅಷ್ಟೇ ಗಾತ್ರದ, ಅಷ್ಟೇ ಒಣಗಿದ ಒಳ್ಳೆಯ ತುಂಡನ್ನು ಇನ್ನೊಂದು ಕೈಯಲ್ಲಿ ಹಿಡಿಯಿರಿ. ಬಣ್ಣದ ತುಂಡು ಬಹಳ ಹಗುರಾಗಿದ್ದರೆ ಅಣಬೆ ಸಾಕಷ್ಟು ತಿಂದಿದೆ.

4. ಸಿಬಿರು: ಚೂರಿಯ ಮೊನೆಯನ್ನು ನಾರಿನ ಉದ್ದಕ್ಕೆ ಚುಚ್ಚಿ ಮೇಲಕ್ಕೆ ಎಬ್ಬಿಸಿ. ಉದ್ದನೆಯ ಸಿಬಿರು ಎದ್ದರೆ ಮರ ಗಟ್ಟಿ. ಅಲ್ಲಲ್ಲೇ ತುಂಡಾಗಿ ಮುರಿದರೆ ಬಲ ಹೋಗಿದೆ. ಹಟ್ಟಿಯ ಆ ತೊಲೆಗೆ ಇದೊಂದು ಪರೀಕ್ಷೆ ಮಾಡಿದ್ದರೂ ಸಾಕಾಗುತ್ತಿತ್ತು.

ನಾಲ್ಕರಲ್ಲಿಯೂ ಗೆದ್ದ ಬಣ್ಣದ ಮರ ಕಡೆಯಲು ಯೋಗ್ಯ. ಆದರೆ ನಾಲ್ಕರಲ್ಲಿಯೂ ಗೆದ್ದರೂ, ಕಪ್ಪು ಗೆರೆ ಅಥವಾ ಬಿಳುಪು ಇರುವ ಮರವನ್ನು ತೊಲೆ, ಪಕ್ಕಾಸು, ಏಣಿ, ನೊಗ, ಹಾರೆಯ ಹಿಡಿ ಇವುಗಳಿಗೆ ಬಳಸಲೇಬಾರದು. ಹೊರಗೆ ಗಟ್ಟಿಯಾದದ್ದು ಒಳಗೆ ಎಲ್ಲಿ ಕೆಟ್ಟಿದೆಯೆಂದು ಕಾಣುವುದಿಲ್ಲ.

ಬಣ್ಣ ನಿಲ್ಲಿಸುವುದು ಹೇಗೆ?

ಅಣಬೆಗೆ ನೀರು, ಗಾಳಿ, ಹದವಾದ ಬಿಸಿ ಮೂರೂ ಬೇಕು. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ಮೂರೂ ಧಾರಾಳ. ಅದರಿಂದಲೇ ಇಲ್ಲಿ ಬಣ್ಣ ಬೇಗ ಬರುತ್ತದೆ, ಕೊಳೆತವೂ ಅದರ ಬೆನ್ನಿಗೇ ಬರುತ್ತದೆ. ಒಂದೇ ಮಳೆಗಾಲದಲ್ಲಿ ಮಾವಿನ ಮರ ಚಂದದಿಂದ ಕುಂಬಿಗೆ ದಾಟಬಹುದು.

ಮೂರರಲ್ಲಿ ಒಂದನ್ನು ತಪ್ಪಿಸಿದರೆ ಅಣಬೆ ನಿಲ್ಲುತ್ತದೆ. ಹಿಂದಿನವರು ದಿಮ್ಮಿಯನ್ನು ಕೆರೆಯಲ್ಲಿ ಪೂರಾ ಮುಳುಗಿಸಿಡುತ್ತಿದ್ದುದು ಗಾಳಿಯನ್ನು ತಪ್ಪಿಸುವ ಉಪಾಯ. ನಾವು ಸಾಮಾನ್ಯವಾಗಿ ತಪ್ಪಿಸಬಹುದಾದದ್ದು ನೀರನ್ನು. ಮರದಲ್ಲಿ ನೀರಿನ ಅಂಶ ಪ್ರತಿಶತ 20ಕ್ಕಿಂತ ಕಡಿಮೆಯಾದರೆ ಅಣಬೆ ಬೆಳೆಯಲಾರದು. ಲೆಕ್ಕ ಹೀಗೆ: ಹಸಿಯಾಗಿ 600 ಗ್ರಾಂ ಇದ್ದ ತುಂಡು ಪೂರ್ತಿ ಒಣಗಿ 400 ಗ್ರಾಂ ಆಯಿತೆನ್ನಿ. ಹೋದ ನೀರು 200 ಗ್ರಾಂ. ಒಣ ತೂಕಕ್ಕೆ ಹೋಲಿಸಿದರೆ ಆ ಹಸಿ ತುಂಡಿನಲ್ಲಿ ಪ್ರತಿಶತ 50 ನೀರಿತ್ತು.

ಮನೆಯಲ್ಲಿ ಇಷ್ಟು ಮಾಡಿದರೆ ಸಾಕು. ದಿಮ್ಮಿಯನ್ನು ನಡುವಿನ ತಿರುಳಿನ ಮೂಲಕ ಎರಡು ಹೋಳು ಮಾಡಿ. ಹಾಗೆ ಮಾಡದಿದ್ದರೆ ಒಣಗುವಾಗ ಬಿರಿಯುತ್ತದೆ. ಕೊಯ್ದ ತುದಿಗಳಿಗೆ ಮೇಣವನ್ನೋ ಹಳೆಯ ಬಣ್ಣವನ್ನೋ ಬಳಿಯಿರಿ. ನೆಲದಿಂದ ಒಂದಡಿ ಎತ್ತರದಲ್ಲಿ, ನಡುನಡುವೆ ರೀಪು ಕೊಟ್ಟು, ಮಾಡಿನ ಕೆಳಗೆ ಗಾಳಿಯಾಡುವಲ್ಲಿ ಪೇರಿಸಿ. ಬಿಸಿಲಿಗೆ ಹಾಕಬೇಡಿ. ಒಂದು ತುಂಡಿಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತಿತೆಂದರೆ ಗಾಳಿಗೆ ಒಣಗುವಷ್ಟು ಒಣಗಿದೆ. ಮೇ 24ರ ಸುಮಾರಿಗೆ ಬರುವ ಪತ್ತನಾಜೆಯ ಒಳಗೆ ಮರವೆಲ್ಲ ಮಾಡಿನ ಕೆಳಗೆ ಬಂದಿರಬೇಕು.

ಕಡೆಯುವವರು ಬಟ್ಟಲನ್ನು ಎರಡು ಸಲಕ್ಕೆ ಮಾಡುತ್ತಾರೆ. ಮೊದಲು ದಪ್ಪವಾಗಿ ಕಡೆದಿಡುವುದು. 10 ಅಂಗುಲ ಅಗಲದ ಬಟ್ಟಲಿಗೆ ಸುಮಾರು ಒಂದು ಅಂಗುಲ ದಪ್ಪ. ಅದು ಕೆಲವು ತಿಂಗಳು ಒಣಗಿ, ಸೊಟ್ಟಗಾಗುವಷ್ಟು ಸೊಟ್ಟಗಾದ ಮೇಲೆ ತೆಳ್ಳಗೆ ಮಾಡಿ ನಯಗೊಳಿಸುವುದು.

ಉಸಿರಿನ ಎಚ್ಚರ

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಣ್ಣ ಬಂದ ಮರವನ್ನು ಕೊಯ್ಯುವಾಗ ಮರದ ಹುಡಿಯ ಜೊತೆಗೆ ಅಣಬೆಯ ಬೀಜಕಣಗಳೂ ಏಳುತ್ತವೆ. ಅವುಗಳಿಂದ ದಮ್ಮು, ಒಣಕೆಮ್ಮು, ಶ್ವಾಸಕೋಶದ ಉರಿಯೂತ ಬರಬಹುದು. ಯಾವ ಮರದ ಹುಡಿಯಾದರೂ ವರ್ಷಗಟ್ಟಲೆ ಉಸಿರಾಡಿದರೆ ಮೂಗಿನ ಒಳಗೆ ಕ್ಯಾನ್ಸರ್ ಬರಬಹುದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿದೆ. ಬೈರಾಸು ಕಟ್ಟಿಕೊಂಡರೆ ಸಾಲದು, ಎನ್-95 ಮುಸುಕು ಬೇಕು. ಕೆಲಸ ಬಯಲಿನಲ್ಲಿ ಮಾಡಿ. ದಮ್ಮಿನವರು, ಮಕ್ಕಳು ಹತ್ತಿರ ಬರಬಾರದು.

ಲೇತಿನಲ್ಲಿ ತಿರುಗುವಾಗ ಮೆತ್ತನೆಯ ಮರ ಕಿತ್ತು ಹಾರುವುದುಂಟು. ಮುಖಕ್ಕೆ ಕಾಪು ಇರಬೇಕು, ವೇಗ ಕಡಿಮೆ ಇರಬೇಕು, ಹಾರುವ ನೇರಕ್ಕೆ ನಿಲ್ಲಬಾರದು. ಇಂಥ ಬಟ್ಟಲನ್ನು ಅಡಿಕೆ, ವೀಳ್ಯದೆಲೆ, ನಾಣ್ಯ ಇಡಲು ಬಳಸಿ. ಸಾರು, ಮಜ್ಜಿಗೆಗೆ ಬೇಡ.

ತೋಟದ ಎಚ್ಚರ

ಕೊಳೆಯುವ ದಿಮ್ಮಿಗಳನ್ನು ಅಡಿಕೆ, ತೆಂಗು, ರಬ್ಬರ್ ಮರಗಳ ಬುಡದಲ್ಲಿ ರಾಶಿ ಹಾಕಬೇಡಿ. ಅಡಿಕೆ ತೆಂಗುಗಳಿಗೆ ಬರುವ ಅಣಬೆ ರೋಗ ಸತ್ತ ಬುಡದಲ್ಲಿ, ಬೇರಿನಲ್ಲಿ ಉಳಿದು ಪಕ್ಕದ ಮರಕ್ಕೆ ಹಬ್ಬುತ್ತದೆ. ರೋಗದಿಂದ ಸತ್ತ ಮರದ ಬುಡವನ್ನು ಬೇರುಸಹಿತ ಕಿತ್ತು ಅಲ್ಲೇ ಸುಡಬೇಕು. ಬಣ್ಣ ಚಂದವಿದೆಯೆಂದು ಇನ್ನೊಂದು ತೋಟದ ದಾರಿಯಾಗಿ ಹೊತ್ತುಕೊಂಡು ಹೋಗಬಾರದು.

ಬಣ್ಣದ ಆಸೆಗೆ ನಿಂತ ಮರ ಕಡಿಯುವುದೂ ಬೇಡ. ಮರ ಕಡಿಯುವುದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಿದೆ. ಯಾವ ಮರಕ್ಕೆ ಅನುಮತಿ ಬೇಕು, ಯಾವುದಕ್ಕೆ ಬೇಡ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಕೊಡಲಿ ಎತ್ತಿ.

ಮಾಡಿನ ಮರವನ್ನು ಕಾಪಾಡುವುದು

ಮನೆಗೆ, ಹಟ್ಟಿಗೆ ಬೇಕಾದ ಮರವನ್ನು ಕಡಿದ ಕೂಡಲೇ ತೊಗಟೆ ತೆಗೆದು ಕೊಯ್ಸಿ ಪೇರಿಸಿ. ಹಲಸು, ಹೆಬ್ಬಲಸು, ತೇಗಗಳ ಒಳಗಿನ ಚೇಗು ಬಾಳಿಕೆ ಬರುತ್ತದೆ. ಹೊರಗಿನ ಬಿಳಿ ಮರ ಯಾವ ಜಾತಿಯದ್ದಾದರೂ ಬೇಗ ಕೆಡುತ್ತದೆ. ರಬ್ಬರ್ ಮರವನ್ನು ಕಡಿದ ಎರಡು ಮೂರು ದಿನಗಳೊಳಗೆ ಮಿಲ್ಲಿಗೆ ಸಾಗಿಸಿ, ಬೋರಿಕ್ ಆಮ್ಲ ಮತ್ತು ಬೊರಾಕ್ಸ್ ದ್ರಾವಣದ ಉಪಚಾರ ಕೊಡಿಸಬೇಕು. ಈ ಮದ್ದು ಮಳೆಗೆ ತೊಳೆದುಹೋಗುತ್ತದೆ, ಆದುದರಿಂದ ಅಂಥ ಮರವನ್ನು ಮಾಡಿನ ಒಳಗೆ ಮಾತ್ರ ಬಳಸಿ. ಹೆಚ್ಚಿನ ಮಾಹಿತಿ ಬೇಕಾದವರು ಬೆಂಗಳೂರು ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಕಾಗದ ಬರೆಯಬಹುದು.

ಕೊನೆಯ ಮಾತು

ತೊಲೆ ಮುರಿದ ಮರುದಿನ ನಾನು ಆ ಮನೆಗೆ ಹೋದೆ. ತಪ್ಪಾಯಿತು ಎಂದೆ. ಹಿರಿಯರು, “ನೀವು ಗೊತ್ತಿಲ್ಲ ಎಂದಿದ್ದರೆ ನಾನು ಬಡಗಿಯನ್ನು ಕೇಳುತ್ತಿದ್ದೆ” ಎಂದರು. ಬೈಗುಳಕ್ಕಿಂತ ಆ ಮಾತು ನನ್ನನ್ನು ಹೆಚ್ಚು ತಟ್ಟಿತು. ಈಗ ಅವರ ಹಟ್ಟಿಗೆ ಹೆಬ್ಬಲಸಿನ ತೊಲೆ ಇದೆ. ಉರ್ವದ ಬಟ್ಟಲನ್ನು ಅವರಿಗೇ ಕೊಟ್ಟೆ. ಜಗಲಿಯ ಮೇಲೆ ಅದರಲ್ಲಿ ಅಡಿಕೆ ಹೋಳು ಇರುತ್ತದೆ. ಬಂದವರೆಲ್ಲ ಗೆರೆಯನ್ನು ಕೇಳುತ್ತಾರೆ. ಅವರು ತೊಲೆಯ ಕತೆಯನ್ನೂ ಸೇರಿಸಿಯೇ ಹೇಳುತ್ತಾರೆ.

ಯುವಕ ಮಂಡಲದ ಮುಂದಿನ ಕೂಟದಲ್ಲಿ ಇವುಗಳನ್ನು ಚರ್ಚಿಸಿರಿ:

1. ನೀಲಿ ಕಲೆಗೂ ಬಿಳುಪಿಗೂ ಏನು ವ್ಯತ್ಯಾಸ? ಯಾವುದರಿಂದ ಮರದ ಬಲ ಹೆಚ್ಚು ಹೋಗುತ್ತದೆ?

2. ಕಪ್ಪು ಗೆರೆ ಎಲ್ಲಿ, ಯಾಕೆ ಉಂಟಾಗುತ್ತದೆ?

3. ಹಸಿಯಾಗಿ 900 ಗ್ರಾಂ, ಪೂರ್ತಿ ಒಣಗಿ 600 ಗ್ರಾಂ ತೂಗಿದ ತುಂಡಿನಲ್ಲಿ ಪ್ರತಿಶತ ಎಷ್ಟು ನೀರಿತ್ತು?

4. ನಿಮ್ಮ ಹಟ್ಟಿಯ ತೊಲೆ, ಪಕ್ಕಾಸುಗಳಿಗೆ ಈ ವಾರ ಚೂರಿಯ ಪರೀಕ್ಷೆ ಮಾಡಿ ನೋಡಿ. ಸಂಶಯ ಬಂದರೆ ದನಗಳನ್ನು ಬೇರೆಡೆ ಕಟ್ಟಿ, ಮಳೆಗೆ ಮೊದಲು ತೊಲೆ ಬದಲಿಸಿ.

— ನಿಮ್ಮ ಗ್ರಾಮಸೇವಕ